ಮುಂದಾಳಿಗೆ ತನ್ನ ಬೆನ್ನು ಕಾಣುವುದು ಹೇಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಮುಚ್ಚಿಗೆಯ ಕೆಳಗೆ ಕೂತವರಿಗೆ ಮಾಡಿನ ಹೆಂಚು ಕಾಣುವುದಿಲ್ಲ. ಯಾವ ಹೆಂಚು ಬಿರುಕು ಬಿಟ್ಟಿದೆ ಎಂಬುದು ಅವರಿಗೆ ತಿಳಿಯುವುದು ಜೂನ್‌ನಲ್ಲಿ, ಹಲಗೆಯ ಸಂದಿಯಿಂದ ನೀರು ತೊಟ್ಟಿಕ್ಕಿದಾಗ. ಗುಡ್ಡದ ಮೇಲಿನ ಮನೆಯವರಿಗೆ ಅದು ಬೇಸಿಗೆಯಲ್ಲೇ ಕಂಡಿರುತ್ತದೆ. ಆದರೆ ಹೇಳಿರುವುದಿಲ್ಲ. ಕೇಳದೆ ಹೇಗೆ ಹೇಳುವುದು, ಏನೆಂದುಕೊಂಡಾರೋ ಎಂಬ ದಾಕ್ಷಿಣ್ಯ.

ಸಹಕಾರ ಸಂಘದ ಅಧ್ಯಕ್ಷರು, ಸ್ತ್ರೀಶಕ್ತಿ ಗುಂಪನ್ನು ನಡೆಸುವವರು, ಮುಖ್ಯ ಶಿಕ್ಷಕರು, ಅಡಿಕೆಯ ಕೊನೆಕೊಯ್ಲಿಗೆ ಜನ ಕಟ್ಟುವ ಮೇಸ್ತ್ರಿ, ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಯ ಶಿಫ್ಟ್ ಸೂಪರ್‌ವೈಸರ್, ಹೀಗೆ ನಾಲ್ಕು ಜನರನ್ನು ನಡೆಸುವ ಯಾರಿಗೇ ಆದರೂ ತಮ್ಮದೇ ಮಾಡಿನ ಒಂದು ಭಾಗ ಕಾಣುವುದಿಲ್ಲ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ನಾಲ್ಕು ಚೌಕದ ಚಿತ್ರವಾಗಿ ಬರೆದರು. ಇಬ್ಬರ ಹೆಸರಿನ ತುಣುಕು ಸೇರಿ ಅದಕ್ಕೆ ಜೋಹರಿ ಕಿಟಕಿ ಎಂಬ ಹೆಸರು ಬಂತು. ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ಮುಂದಾಳುತನ ಹೆಚ್ಚಾಗಿ ಸೋರುವುದು ಮೂರನೆಯ ಚೌಕದಲ್ಲಿ. ಕಣ್ಣುಮುಚ್ಚಿ ಕೂತು ಎಷ್ಟು ಹೊತ್ತು ಯೋಚಿಸಿದರೂ ಆ ಚೌಕ ತೆರೆಯುವುದಿಲ್ಲ. ಅದರ ಬೀಗದ ಕೈ ಬೇರೆಯವರ ಹತ್ತಿರ ಇದೆ.

ಹಾಗಾಗಿ, ಮುಂದಾಳು ತನ್ನನ್ನು ತಾನು ಅರಿಯಲು ಕೆಳಗೆ ಕೊಟ್ಟಿರುವ ಕ್ರಮದಲ್ಲಿ ಬರೆಯುವುದು, ಎಣಿಸುವುದು, ಕೇಳುವುದು ಈ ಮೂರಕ್ಕೇ ಹೆಚ್ಚು ಒತ್ತು. ಒಂದು ನೋಟ್‌ಬುಕ್, ಒಂದು ಗಡಿಯಾರ, ಒಂದು ಹಿಡಿ ಹುಣಸೆಬೀಜ, ಮೂರು ತಿಂಗಳು ಸಮಯ ಇದ್ದರೆ ಸಾಕು. ಶುರು ಮಾಡಲು ಮಳೆಗಾಲವೇ ಒಳ್ಳೆಯದು. ಜೂನ್ ಕೊನೆಗೆ ಶುರುವಾದರೆ ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯ ಹೊತ್ತಿಗೆ ಒಂದು ಸುತ್ತು ಮುಗಿಯುತ್ತದೆ. ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಆಗ ಕೇಳಿದರೆ ಜನ ದಣಿವಿನಿಂದ ಉತ್ತರ ಕೊಡುತ್ತಾರೆ.

ಮೊದಲ 21 ದಿನ: ನೋಟ್‌ಬುಕ್

ದಿನಕ್ಕೆ ಐದು ನಿಮಿಷ, ಒಂದೇ ಘಟನೆ, ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಹೊತ್ತು ಮತ್ತು ಜಾಗ. ಎರಡನೆಯದರಲ್ಲಿ ನಿಮ್ಮ ಬಾಯಿಂದ ಬಂದ ಮಾತು, ಬಂದ ಹಾಗೆಯೇ, ತಿದ್ದದೆ. ಮೂರನೆಯದರಲ್ಲಿ ಆ ಕ್ಷಣಕ್ಕೆ ಮೈಯಲ್ಲಿ ಏನಾಯಿತು: ಕಿವಿ ಬಿಸಿಯಾಯಿತೇ, ದವಡೆ ಬಿಗಿಯಿತೇ, ದನಿ ಏರಿತೇ. ನಾಲ್ಕನೆಯದರಲ್ಲಿ ಎದುರಿದ್ದವರು ಮುಂದೆ ಏನು ಮಾಡಿದರು ಎಂಬುದು.

ಸರಿಯಾದ ಬರಹ ಹೀಗಿರುತ್ತದೆ: ‘ಮಂಗಳವಾರ 11 ಗಂಟೆ, ಆಫೀಸು. ಕಾರ್ಯದರ್ಶಿ ಬಾಕಿ ಪಟ್ಟಿ ತಂದಿರಲಿಲ್ಲ. “ಇದನ್ನೂ ನಾನೇ ಹೇಳ್ಬೇಕಾ?” ಅಂದೆ, ಇಬ್ಬರು ಸದಸ್ಯರ ಎದುರಿಗೆ. ಕಿವಿ ಬಿಸಿಯಾಗಿತ್ತು. ಆಮೇಲೆ ಮಧ್ಯಾಹ್ನದವರೆಗೆ ಅವರು ನನ್ನ ಮೇಜಿನ ಹತ್ತಿರ ಬರಲಿಲ್ಲ.’ ಕೆಟ್ಟ ಬರಹ ಹೀಗಿರುತ್ತದೆ: ‘ಕಾರ್ಯದರ್ಶಿಗೆ ಜವಾಬ್ದಾರಿಯೇ ಇಲ್ಲ.’ ಎರಡನೆಯದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಮೊದಲ ವಾರ ಬಹುಪಾಲು ಜನ ಎರಡನೆಯ ರೀತಿಯಲ್ಲೇ ಬರೆಯುತ್ತಾರೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ಓಡಿಸುವ ಅಭ್ಯಾಸ ಅಷ್ಟು ಹಳೆಯದು. ಇದಕ್ಕೊಂದು ಪರೀಕ್ಷೆ ಇದೆ. ವಾರದ ಕೊನೆಗೆ ‘ನಾನು’ ಕರ್ತೃವಾಗಿರುವ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಅದು ದೂರಿನ ಪುಸ್ತಕವಾಗಿದೆ ಎಂದರ್ಥ, ಮರುದಿನದಿಂದ ತಿದ್ದಿಕೊಳ್ಳಿ.

ನೋಟ್‌ಬುಕ್ಕಿನಲ್ಲಿ ‘ನಾನು ಹೀಗೇಕೆ ಮಾಡಿದೆ’ ಎಂದು ಬರೆಯಬೇಡಿ. ಇದು ವಿಚಿತ್ರ ಅನ್ನಿಸಬಹುದು, ಆದರೆ ಕಾರಣವಿದೆ. 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ವರದಿ ಮಾಡಿದರು. ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿಟ್ಟು ಯಾವುದು ಉತ್ತಮ ಎಂದು ಗಿರಾಕಿಗಳನ್ನು ಕೇಳಿದರು. ನಾಲ್ಕೂ ಒಂದೇ ಮಾಲು. ಉಳಿದವಕ್ಕಿಂತ ಬಲತುದಿಯದನ್ನೇ ಹೆಚ್ಚು ಜನ ಆರಿಸಿದರು. ಏಕೆ ಎಂದು ಕೇಳಿದರೆ ಮಾಲಿನ ಗುಣ ಹೇಳಿದರೇ ಹೊರತು ಇಟ್ಟ ಜಾಗದ ಮಾತು ಯಾರೂ ಎತ್ತಲಿಲ್ಲ. ನಮ್ಮ ನಡತೆಯ ಕಾರಣ ನಮಗೆ ಕಾಣದಿದ್ದಾಗ ಮನಸ್ಸು ಕೈಗೆ ಸಿಕ್ಕ ಕಾರಣವನ್ನು ಕೊಟ್ಟುಬಿಡುತ್ತದೆ, ನಾವು ಅದನ್ನೇ ನಿಜವೆಂದು ನಂಬುತ್ತೇವೆ. ‘ಏನಾಯಿತು, ಯಾವಾಗ, ಯಾರ ಎದುರಿಗೆ’ ಎಂಬ ಪ್ರಶ್ನೆಗಳಲ್ಲಿ ಆ ಮೋಸ ಕಡಿಮೆ.

21 ದಿನ ಆದಮೇಲೆ ಒಂದೇ ಕೂರಿಕೆಯಲ್ಲಿ ಎಲ್ಲವನ್ನೂ ಓದಿ. ದನಿ ಏರಿದ ಕಡೆಗೆಲ್ಲ ಕೆಂಪು ಗುರುತು ಹಾಕಿ, ಗುರುತುಗಳಲ್ಲಿ ಸಮಾನವಾದದ್ದು ಏನೆಂದು ಹುಡುಕಿ. ಒಬ್ಬರಿಗೆ ಅದು ಊಟಕ್ಕೆ ಮುಂಚಿನ ಹೊತ್ತು. ಇನ್ನೊಬ್ಬರಿಗೆ ಹಣದ ವಿಷಯ. ಮತ್ತೊಬ್ಬರಿಗೆ ವಯಸ್ಸಿನಲ್ಲಿ ಚಿಕ್ಕವರು ಎದುರು ಮಾತಾಡಿದ ಗಳಿಗೆ. ಮೂರು ಸಲ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನೋಟ್‌ಬುಕ್ ಮನೆಯಲ್ಲಿರಲಿ, ಹೆಸರಿನ ಬದಲು ಒಂದಕ್ಷರ ಬರೆಯಿರಿ. ಆಫೀಸಿನ ಡ್ರಾಯರಿನಲ್ಲಿಟ್ಟ ಪುಸ್ತಕವನ್ನು ಯಾರೋ ಓದಿದರೆ ಅಲ್ಲಿಗೆ ಎಲ್ಲ ಕೆಟ್ಟಿತು.

ಸಭೆಯಲ್ಲಿ ಎಣಿಕೆ

‘ನಾನು ಎಲ್ಲರ ಮಾತು ಕೇಳ್ತೀನಿ’ ಎನ್ನದ ಅಧ್ಯಕ್ಷರಿಲ್ಲ. ಕೇಳುವುದನ್ನು ಗಡಿಯಾರದಿಂದ ಅಳೆಯಬಹುದು. ನಿಮ್ಮ ಕೈಕೆಳಗೆ ಕೆಲಸ ಮಾಡದ, ಸಭೆಯಲ್ಲಿ ಮತವೂ ಇಲ್ಲದ ಒಬ್ಬರನ್ನು ಮೂಲೆಯಲ್ಲಿ ಕೂರಿಸಿ. ಪಕ್ಕದೂರಿನ ಕಾಲೇಜು ಹುಡುಗಿ ಆದರೂ ಸರಿ. ಸಂಘದ ಗುಮಾಸ್ತರು ಬೇಡ, ಅವರು ನಿಮಗೆ ಬೇಸರವಾಗದ ಹಾಗೆ ಎಣಿಸುತ್ತಾರೆ. ಏನು ಮಾಡುತ್ತಿದ್ದೀರಿ ಎಂದು ಸಭೆಗೆ ಮೊದಲೇ ತಿಳಿಸಿ, ಮರೆಯಲ್ಲಿ ಮಾಡಬೇಡಿ.

ಅವರ ಕೆಲಸ ಇಷ್ಟು: ಪ್ರತಿ ಅರ್ಧ ನಿಮಿಷಕ್ಕೆ ಒಮ್ಮೆ ಆ ಗಳಿಗೆಗೆ ಯಾರು ಮಾತಾಡುತ್ತಿದ್ದಾರೋ ಅವರ ಹೆಸರಿನ ಮುಂದೆ ಒಂದು ಗೆರೆ. ಒಂದು ಗಂಟೆಗೆ 120 ಗೆರೆ. ಹನ್ನೆರಡು ಜನರ ಸಭೆಯಲ್ಲಿ ಅಧ್ಯಕ್ಷರ ಮುಂದೆ 70 ಗೆರೆ ಬಿದ್ದಿದ್ದರೆ 35 ನಿಮಿಷ ಅವರೊಬ್ಬರೇ ಮಾತಾಡಿದ್ದಾರೆ, ಉಳಿದ ಹನ್ನೊಂದು ಜನಕ್ಕೆ ಸೇರಿ 25 ನಿಮಿಷ. ಇದರ ಜೊತೆ ಇನ್ನೆರಡು ಎಣಿಕೆ ಬೇಕು. ಬೇರೆಯವರ ವಾಕ್ಯ ಮುಗಿಯುವ ಮೊದಲು ನೀವು ಬಾಯಿ ಹಾಕಿದ್ದು ಎಷ್ಟು ಸಲ? ನೀವು ನಿಮ್ಮ ಅಭಿಪ್ರಾಯ ಹೇಳಿದ ಮೇಲೆ ಅದಕ್ಕೆ ವಿರುದ್ಧವಾಗಿ ಮಾತು ಬಂದದ್ದು ಎಷ್ಟು ಸಲ?

ಕೊನೆಯ ಎಣಿಕೆ ಸೊನ್ನೆ ಬಂದರೆ ಎಲ್ಲರೂ ಒಪ್ಪಿದ್ದಾರೆ ಎಂದು ತಿಳಿಯಬೇಡಿ. ಸಭೆ ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಇನ್ನೊಂದು ಸಭೆ ನಡೆಯುತ್ತದೆ. ಒಪ್ಪದಿರುವ ಮಾತೆಲ್ಲ ಅಲ್ಲಿಗೆ ಹೋಗಿರುತ್ತದೆ.

ತಿದ್ದಿಕೊಳ್ಳುವುದು ಕಷ್ಟವೇನಲ್ಲ. ವಿಷಯ ಮುಂದಿಟ್ಟ ಮೇಲೆ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಹೊಸದಾಗಿ ಸೇರಿದವರಿಂದ ಶುರುಮಾಡಿಸಿ, ಹಿರಿಯರಿಂದ ಶುರುವಾದರೆ ಕಿರಿಯರು ‘ಅವರು ಹೇಳಿದ್ದೇ ನಂದೂ’ ಎನ್ನುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಬಾಯಿ ತೆರೆಯಬೇಡಿ. ಆ ಮೌನ ನಿಮಗೆ ಉದ್ದ ಅನ್ನಿಸುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಹೆಂಗಸಿಗೆ ಮಾತು ಜೋಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಮೂರು ಸಭೆಗಳ ಎಣಿಕೆ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಸಭೆಯದನ್ನು ನಂಬಬೇಡಿ.

ದಾಕ್ಷಿಣ್ಯದ ನಾಡಿನಲ್ಲಿ ಕೇಳುವುದು

ಇಡೀ ಕ್ರಮದಲ್ಲಿ ಕಷ್ಟದ ಭಾಗ ಇದು, ಜನ ತಪ್ಪುವುದೂ ಇಲ್ಲೇ. ‘ನಾನು ಹೆಂಗೆ ನಡೆಸ್ತಿದೀನಿ?’ ಎಂದು ಕೇಳಿದರೆ ಬರುವ ಉತ್ತರ ಮೊದಲೇ ಗೊತ್ತು: ‘ನಿಮ್ಮಂಥೋರು ಸಿಗ್ಬೇಕಲ್ಲ ಮಾರಾಯ್ರೆ.’ ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲ. ಎದುರಿಗೆ ಕೂತು ಒಬ್ಬರ ಗುಣದ ಬಗ್ಗೆ ತೀರ್ಪು ಹೇಳುವುದು ನಮ್ಮ ಕಡೆ ಮರ್ಯಾದೆಯಲ್ಲ, ಅಷ್ಟೆ. ಹಾಗಾಗಿ ತೀರ್ಪು ಕೇಳಬೇಡಿ. ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಕೇಳಿ. ‘ಹೋದ ಸಭೇಲಿ ನಾನು ಮಾಡಿದ್ರಲ್ಲಿ ಒಂದನ್ನ ಬಿಡಬೇಕು ಅಂದ್ರೆ ಯಾವುದನ್ನ ಬಿಡ್ಲಿ?’ ಎಂದರೆ ಉತ್ತರ ಕೊಡುವವರಿಗೆ ನಿಮ್ಮನ್ನು ದೂರಿದ ಹಾಗೆ ಆಗುವುದಿಲ್ಲ, ನಿಮಗೆ ಸಹಾಯ ಮಾಡಿದ ಹಾಗೆ ಆಗುತ್ತದೆ.

ಗುಣ ಬಿಟ್ಟು ಕೆಲಸದ ಬಗ್ಗೆ ಕೇಳಿ ಎನ್ನುವುದಕ್ಕೆ ಇನ್ನೊಂದು ಆಧಾರವಿದೆ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಸಂಶೋಧಕರು 1996ರಲ್ಲಿ, ಒಬ್ಬರ ಕೆಲಸದ ಬಗ್ಗೆ ಅವರಿಗೆ ಅಭಿಪ್ರಾಯ ಹೇಳುವುದರ ಪರಿಣಾಮದ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಸರಾಸರಿಯಲ್ಲಿ ಲಾಭವಿತ್ತು, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬುದರ ಕಡೆಗೆ ತಿರುಗಿದಷ್ಟೂ ಉಪಯೋಗ ಕಡಿಮೆ ಎಂಬುದು ಅವರ ವಿವರಣೆ.

ಐದು ಜನರನ್ನು ಆರಿಸಿ: ನಿಮಗಿಂತ ಮೇಲಿನವರು ಒಬ್ಬರು, ಸಮಾನರು ಇಬ್ಬರು, ನಿಮ್ಮ ಮಾತಿನಂತೆ ಕೆಲಸ ಮಾಡುವವರು ಇಬ್ಬರು. ಸಾಲದ ಅರ್ಜಿ ನಿಮ್ಮ ಮೇಜಿನ ಮೇಲಿರುವವರನ್ನೂ ನಿಮ್ಮಿಂದ ಮುಂಗಡ ಪಡೆದವರನ್ನೂ ಕೇಳಬೇಡಿ. ಅವರಿಂದ ನಿಜ ಬಯಸುವುದು ಅನ್ಯಾಯ. ನಿಮ್ಮ ಮನೆಯ ಜಗಲಿಗೆ ಕರೆದು ಕಾಫಿ ಕೊಟ್ಟೂ ಕೇಳಬೇಡಿ, ಉಂಡ ಮನೆಯಲ್ಲಿ ಯಾರೂ ಕಟುವಾಗಿ ಮಾತಾಡುವುದಿಲ್ಲ. ತೋಟದ ದಾರಿಯಲ್ಲಿ ಜೊತೆಗೆ ನಡೆಯುವಾಗ, ಪಕ್ಕಪಕ್ಕ ಕೂತು ಕಾರಿನಲ್ಲೋ ಬಸ್ಸಿನಲ್ಲೋ ಹೋಗುವಾಗ ಮುಖ ನೋಡುವ ಕಷ್ಟವಿರುವುದಿಲ್ಲ, ಮಾತು ಸುಲಭವಾಗಿ ಬರುತ್ತದೆ. ‘ಈಗಲೇ ಹೇಳ್ಬೇಕಂತಿಲ್ಲ, ಗುರುವಾರ ಸಿಗ್ತೀನಲ್ಲ’ ಎಂದು ಎರಡು ದಿನ ಕೊಡಿ.

ಉತ್ತರವನ್ನು ಕೇಳಿಸಿಕೊಳ್ಳಲೂ ಕಲಿಯಬೇಕು. ಮಲೆನಾಡಿನಲ್ಲಿ ‘ಇಲ್ಲ’ ಎಂಬ ಮಾತು ‘ಇಲ್ಲ’ ಎಂದೇ ಬರುವುದು ಅಪರೂಪ. ‘ನೋಡನ’ ಎಂದರೆ ಬಹಳ ಸಲ ಬೇಡ ಎಂದು. ‘ಮಾಡ್ಬೋದು’ ಎಂದು ಎಳೆದು ಹೇಳಿದರೆ ಮನಸ್ಸಿಲ್ಲ ಎಂದು. ‘ನೀವು ಹೇಳಿದ್ಮೇಲೆ ಆಯ್ತು’ ಎಂದರೆ ಜವಾಬ್ದಾರಿ ಪೂರ್ತಿ ನಿಮ್ಮದು, ಕೆಟ್ಟರೆ ನಮ್ಮನ್ನು ಕೇಳಬೇಡಿ ಎಂದು. ‘ಹಂಗೇನಿಲ್ಲ, ಆದ್ರೂ...’ ಎಂದು ಶುರುವಾದರೆ ಉಸಿರು ಬಿಗಿಹಿಡಿದು ಕೇಳಿ. ನಿಮಗೆ ಬೇಕಾದದ್ದು ಆ ‘ಆದ್ರೂ’ ನಂತರ ಇದೆ.

ಉತ್ತರ ಬಂದಾಗ ‘ಅದು ಹಂಗಲ್ಲ, ಆವತ್ತು ಏನಾಗಿತ್ತು ಅಂದ್ರೆ’ ಎಂದು ಶುರುಮಾಡಿದಿರೋ, ಆ ಮನುಷ್ಯ ಮತ್ತೆ ನಿಮಗೆ ನಿಜ ಹೇಳುವುದಿಲ್ಲ. ನಿಮ್ಮ ವಿವರಣೆ ನೂರಕ್ಕೆ ನೂರು ಸರಿ ಇದ್ದರೂ ಇದು ಹೀಗೇ. ‘ಇನ್ನೊಂದು ಹೇಳಿ’ ಎಂಬುದೊಂದೇ ಮಾತು ಸಾಕು, ಆಮೇಲೆ ಬರೆದುಕೊಳ್ಳಿ. ಒಂದು ವಾರದೊಳಗೆ ಕೇಳಿದ್ದರಲ್ಲಿ ಚಿಕ್ಕದೊಂದನ್ನು ಅವರ ಕಣ್ಣಿಗೆ ಕಾಣುವ ಹಾಗೆ ಬದಲಿಸಿ. ಸಭೆ ಹೇಳಿದ ಹೊತ್ತಿಗೆ ಶುರುಮಾಡುವುದೋ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ಹೆಸರು ಹಿಡಿದು ಗದರಿಸುವುದನ್ನು ಬಿಡುವುದೋ, ಅಷ್ಟು ಚಿಕ್ಕದಿರಲಿ. ಹೇಳಿದ್ದು ದಂಡವಾಗಲಿಲ್ಲ ಎಂದು ತಿಳಿದ ಮೇಲೆ ದೊಡ್ಡ ಮಾತು ತಾನಾಗಿ ಬರುತ್ತದೆ.

ಹುಣಸೆಬೀಜದ ಲೆಕ್ಕ

ಅಡಿಕೆ ಸುಲಿಯಲು ಬರುವವರು, ಪ್ಯಾಕಿಂಗ್ ವಿಭಾಗದವರು, ಸ್ವಸಹಾಯ ಗುಂಪಿನ ಸದಸ್ಯರು ಇಂಥ ಕಡೆ ಚೀಟಿ ಬರೆಸಿದರೆ ಕೈಬರಹ ಗುರುತು ಸಿಗುತ್ತದೆ. ಬರೆಯಲು ಬಾರದವರು ಹೊರಗುಳಿಯುತ್ತಾರೆ. ಅದಕ್ಕೆ ಬೀಜ ಮತ್ತು ಕಲ್ಲು ಉತ್ತಮ.

ಪ್ರತಿಯೊಬ್ಬರಿಗೂ ಒಂದು ಹುಣಸೆಬೀಜ, ಅದೇ ಗಾತ್ರದ ಒಂದು ಹರಳುಕಲ್ಲು ಕೊಡಿ. ಒಳಕೋಣೆಯಲ್ಲಿ ಎರಡು ಬಟ್ಟೆ ಚೀಲ ತೂಗುಹಾಕಿ, ಡಬ್ಬವಾದರೆ ಬಿದ್ದ ಸದ್ದಿನಲ್ಲೇ ಗೊತ್ತಾಗುತ್ತದೆ. ಒಂದು ಚೀಲ ಉತ್ತರಕ್ಕೆ, ಇನ್ನೊಂದು ಉಳಿದದ್ದನ್ನು ಹಾಕಲು. ಹೀಗೆ ಹೊರಗೆ ಬರುವಾಗ ಎಲ್ಲರ ಕೈಯೂ ಖಾಲಿ. ಒಂದೊಂದೇ ಮಾತು ಓದಿ ಹೇಳಿಸಿ, ಒಪ್ಪಿದರೆ ಬೀಜ, ಒಪ್ಪದಿದ್ದರೆ ಕಲ್ಲು. ಮೂರು ಮಾತು ಸಾಕು: ‘ಕೆಲಸದಲ್ಲಿ ತಪ್ಪಾದರೆ ಹೆದರದೆ ಇವರಿಗೆ ಹೇಳಬಹುದು.’ ‘ಕೆಲಸ ಹಂಚುವಾಗ ಭೇದ ಮಾಡುವುದಿಲ್ಲ.’ ‘ನಮ್ಮ ಮಾತು ಮುಗಿಯುವವರೆಗೆ ಕೇಳುತ್ತಾರೆ.’ ಪ್ರತಿ ಮಾತಿಗೂ ಚೀಲ ಖಾಲಿ ಮಾಡಿ ಎಣಿಸಿ, ಮತ್ತೆ ಬೀಜ, ಕಲ್ಲು ಹಂಚಬೇಕು. ಎಣಿಸುವವರನ್ನು ಗುಂಪೇ ಆರಿಸಲಿ. ನೀವು ಆ ಹೊತ್ತಿಗೆ ಮನೆಯಲ್ಲೂ ಇರಬೇಡಿ. ಆರು ಜನಕ್ಕಿಂತ ಕಡಿಮೆ ಇದ್ದರೆ ಈ ಕ್ರಮ ಬೇಡ, ಬಿದ್ದ ಒಂದು ಕಲ್ಲು ಯಾರದೆಂದು ಊಹಿಸುವುದು ಸುಲಭವಾಗುತ್ತದೆ.

ಬಹಳ ಮುಖ್ಯವಾದ ಹೆಜ್ಜೆ ಈಗ. ಎಣಿಕೆ ಕೈಗೆ ಬರುವ ಮೊದಲು, ಪ್ರತಿ ಮಾತಿಗೂ ಎಷ್ಟು ಬೀಜ ಬಿದ್ದಿರಬಹುದು ಎಂದು ನೀವು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹದಿನಾರು ಜನರಲ್ಲಿ 14 ಎಂದು ನೀವು ಬರೆದಿದ್ದು, ಬಂದದ್ದು 9 ಎಂದಾದರೆ ಅಂತರ 5. ನಿಮ್ಮ ಬಗ್ಗೆ ನಿಮಗಿರುವ ಅರಿವನ್ನು ಅಳೆಯುವ ಕೋಲು ಈ ಅಂತರವೇ. ಬೀಜ ಕಡಿಮೆ ಬಂದರೂ ಅಂದಾಜು ಸರಿಯಿದ್ದರೆ ನಿಮಗೆ ನಿಮ್ಮ ಮಾಡು ಕಾಣುತ್ತಿದೆ, ಇನ್ನು ಹೆಂಚು ಬದಲಿಸುವ ಕೆಲಸ. 6 ಎಂದು ಹೆದರಿ ಬರೆದು 13 ಬಂದರೆ ಅದೂ ಅರಿವಿನ ಕೊರತೆಯೇ. ಅಂಥವರು ಜನ ಒಪ್ಪುವ ತೀರ್ಮಾನವನ್ನೂ ಅಳುಕಿ ಮುಂದೂಡುತ್ತಾರೆ. ಮೂರು ತಿಂಗಳ ನಂತರ ಅದೇ ಮೂರು ಮಾತನ್ನು, ಅಕ್ಷರವೂ ಬದಲಿಸದೆ, ಮತ್ತೆ ಕೇಳಿ.

ಕಲ್ಲು ಹಾಕಿದ್ದು ಯಾರು ಎಂದು ತಮಾಷೆಗೂ ಕೇಳಬೇಡಿ. ಒಮ್ಮೆ ಕೇಳಿದರೆ ಮುಂದಿನ ಸಲ ಬರೀ ಬೀಜವೇ ಬೀಳುತ್ತದೆ.

ತೀರ್ಮಾನದ ಪುಟ

ನೋಟ್‌ಬುಕ್ಕಿನ ಹಿಂಬದಿಯಿಂದ ದೊಡ್ಡ ತೀರ್ಮಾನಗಳಿಗೆ ಒಂದೊಂದು ಪುಟ ಇಡಿ. ಅಡಿಕೆ ಈಗ ಮಾರುವುದೋ ಮಳೆಗಾಲದವರೆಗೆ ಇಡುವುದೋ, ಕೊಯ್ಲಿಗೆ ಯಾರ ತಂಡ, ಯಾರಿಗೆ ಹೊಸ ಜವಾಬ್ದಾರಿ ಎಂಬಂಥವು. ತೀರ್ಮಾನ ಏನು, ಏನಾಗುತ್ತದೆ ಎಂದು ನಿಮ್ಮ ನಿರೀಕ್ಷೆ, ಯಾವ ತಾರೀಕಿಗೆ ತೆರೆದು ನೋಡುವುದು ಎಂಬ ಮೂರು ಸಾಲು ಬರೆದು ಪುಟ ಮಡಚಿ ಪಿನ್ ಹಾಕಿ. ಆಡಳಿತದ ಚಿಂತಕ ಪೀಟರ್ ಡ್ರಕರ್ ಒಂಬತ್ತು ಅಥವಾ ಹನ್ನೆರಡು ತಿಂಗಳ ನಂತರ ಹೋಲಿಸಿ ನೋಡಲು ಹೇಳುತ್ತಿದ್ದರು. ಒಂದು ಬೆಳೆಯ ಚಕ್ರಕ್ಕೂ ಅಷ್ಟೇ ಕಾಲ, ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ.

ಬರೆಯದೆ ನೆನಪಿನ ಮೇಲೆ ಬಿಟ್ಟರೆ ಏನಾಗುತ್ತದೆಂದು ಮನಶ್ಶಾಸ್ತ್ರಜ್ಞ ಬಾರುಚ್ ಫಿಶ್‌ಹಾಫ್ 1975ರಲ್ಲೇ ತೋರಿಸಿದ್ದಾರೆ. ಫಲಿತಾಂಶ ತಿಳಿದವರಿಗೆ ಅದು ಮೊದಲೇ ಊಹಿಸಬಹುದಾಗಿತ್ತು ಅನ್ನಿಸಿಬಿಡುತ್ತದೆ. ಧಾರಣೆ ಬಿದ್ದ ಮೇಲೆ ‘ನಂಗೆ ಆವಾಗ್ಲೇ ಗೊತ್ತಿತ್ತು’ ಎನ್ನುವವರು ಊರು ತುಂಬ ಇರುವುದು ಇದಕ್ಕೇ. ಏಳೆಂಟು ಪುಟ ಆದಮೇಲೆ ತೆರೆದು, ತಪ್ಪಿದ ದಿಕ್ಕು ನೋಡಿ. ಪ್ರತಿ ಸಲ ಕೆಲಸ ಎರಡು ವಾರ ಬೇಗ ಮುಗಿಯುತ್ತದೆ ಎಂದೇ ಬರೆದಿದ್ದೀರಾ? ನೆಂಟರಿಗೆ ಕೊಟ್ಟ ಜವಾಬ್ದಾರಿಯಲ್ಲೇ ನಿರೀಕ್ಷೆ ಹುಸಿಯಾಗಿದೆಯೇ? ಒಂದು ತಪ್ಪು ಆಕಸ್ಮಿಕವಾಗಬಹುದು. ಒಂದೇ ದಿಕ್ಕಿನ ಮೂರು ತಪ್ಪು ನಿಮ್ಮ ಸ್ವಭಾವ.

ಸಿಟ್ಟಿನ ಹೊತ್ತು

ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿದೆ, ನವೆಂಬರಿನ ಮೋಡ ಕಪ್ಪಾಗುತ್ತಿದೆ, ಎತ್ತಲು ಆಳಿಲ್ಲ. ಆಗ ಬಾಯಿಗೆ ಬರುವುದನ್ನು ನಾವು ಸಿಟ್ಟು ಎನ್ನುತ್ತೇವೆ, ಒಳಗಿರುವುದು ಗಾಬರಿ. ಸಭೆಯಲ್ಲಿ ಲೆಕ್ಕ ಕೇಳಿದವರ ಮೇಲೆ ಹರಿಹಾಯುವಾಗ ಒಳಗಿರುವುದು ಹಲವು ಸಲ ಅವಮಾನ. ಕಿರಿಕಿರಿ, ದಣಿವು, ಹೊಟ್ಟೆಕಿಚ್ಚು ಎಲ್ಲಕ್ಕೂ ಸಿಟ್ಟು ಎಂಬ ಒಂದೇ ಹೆಸರು ಹಾಕಿದರೆ ಮದ್ದೂ ಒಂದೇ ಆಗಿಬಿಡುತ್ತದೆ: ಬೈಯುವುದು. ಸರಿಯಾದ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಭಾವನೆಗೆ ಹೆಸರಿಟ್ಟಾಗ ಮಿದುಳಿನಲ್ಲಿ ಅಪಾಯಕ್ಕೆ ಸ್ಪಂದಿಸುವ ಭಾಗದ ಚಟುವಟಿಕೆ ತಗ್ಗುವುದನ್ನು ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಸ್ಕ್ಯಾನ್ ಮೂಲಕ ತೋರಿಸಿದರು. ನೋಟ್‌ಬುಕ್ಕಿನ ಮೂರನೆಯ ಸಾಲು ಉಪಯೋಗಕ್ಕೆ ಬರುವುದು ಇಲ್ಲಿ. ಕಿವಿ ಬಿಸಿಯಾಗುವುದು ನಿಮ್ಮ ಮೊದಲ ಗುರುತು ಎಂದು ತಿಳಿದಿದ್ದರೆ ಬಾಯಿ ತೆರೆಯುವ ಮುನ್ನ ಎರಡು ಮೂರು ಕ್ಷಣ ಸಿಗುತ್ತದೆ. ವಾಟ್ಸ್‌ಆ್ಯಪ್ ಉತ್ತರವಾದರೆ ಬರೆದಿಟ್ಟು ಬೆಳಿಗ್ಗೆ ಓದಿ ಕಳಿಸಿ.

ಎಲ್ಲಿ ಕೆಡುತ್ತದೆ

ತನ್ನನ್ನು ನೋಡಿಕೊಳ್ಳುವುದು ಮತ್ತು ತನ್ನನ್ನು ಅರೆಯುವುದು ಬೇರೆ ಬೇರೆ. ಟ್ರ್ಯಾಪ್ನೆಲ್ ಮತ್ತು ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಈ ಎರಡನ್ನೂ ಬೇರ್ಪಡಿಸಿ ಅಳೆದರು. ಒಂದು ಕುತೂಹಲದಿಂದ ಹುಟ್ಟುತ್ತದೆ, ಇನ್ನೊಂದು ಅಳುಕಿನಿಂದ. ಒಂದೇ ಘಟನೆಯನ್ನು ಮೂರು ದಿನ ಸತತವಾಗಿ, ಹೊಸ ವಿವರವಿಲ್ಲದೆ ಬರೆದಿದ್ದರೆ ನೀವು ಎರಡನೆಯದಕ್ಕೆ ಜಾರಿದ್ದೀರಿ. ಆ ಪುಟ ಮುಚ್ಚಿ, ಸಂಬಂಧಪಟ್ಟವರ ಹತ್ತಿರ ಒಂದು ಮಾತು ಆಡಿ ಮುಗಿಸಿ. ನಿದ್ದೆ, ಊಟ ಕೆಟ್ಟಿದ್ದರೆ ಇದು ನೋಟ್‌ಬುಕ್ಕಿನ ಕೆಲಸವಲ್ಲ, ವೈದ್ಯರನ್ನು ಕಾಣಿ.

ಇನ್ನೊಂದು ತಪ್ಪು, ಒಮ್ಮೆಲೇ ಆರು ಸುಧಾರಣೆ. ಜನ ಅದನ್ನು ‘ಎಲ್ಲೋ ಟ್ರೈನಿಂಗಿಗೆ ಹೋಗಿ ಬಂದಿರ್ಬೇಕು’ ಎಂದು ನೋಡುತ್ತಾರೆ, ಹದಿನೈದು ದಿನ ಕಾಯುತ್ತಾರೆ. ಒಂದು ಸುತ್ತಿಗೆ ಒಂದೇ ಬದಲಾವಣೆ ಹಿಡಿಯಿರಿ. ಎಲ್ಲರೆದುರು ದೊಡ್ಡ ಕ್ಷಮೆ ಕೇಳುವುದೂ ಬೇಡ. ಅದರಿಂದ ಎದುರಿದ್ದವರಿಗೆ ಮುಜುಗರ, ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರಿಗೇ ಬೀಳುತ್ತದೆ.

ಎಲ್ಲ ಮಾಡಿದ ಮೇಲೂ ಒಳ್ಳೆಯ ಮಾತೇ ಬರುತ್ತಿದ್ದರೆ, ಬಿಟ್ಟುಹೋದವರ ಹತ್ತಿರ ಹೋಗಿ. ಸಂಘಕ್ಕೆ ಹಾಲು ಹಾಕುವುದನ್ನು ನಿಲ್ಲಿಸಿದವರು, ಗುಂಪಿನಿಂದ ಹೊರಬಿದ್ದ ಅಕ್ಕ, ಎರಡು ಕೊಯ್ಲು ಬಂದು ಮೂರನೆಯದಕ್ಕೆ ಬೇರೆ ತೋಟ ಹಿಡಿದ ಕೊನೆಗಾರ. ಅವರಿಗೆ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ, ದಾಕ್ಷಿಣ್ಯವೂ ಅಷ್ಟು ಕಡಿಮೆ. ಬಿಟ್ಟು ಆರು ತಿಂಗಳಾದರೂ ಆಗಿರಲಿ, ಬಿಸಿ ಆರಿರಬೇಕು. ನೀವೇ ಅವರ ಮನೆಗೆ ಹೋಗಿ, ಒಬ್ಬರೇ ಹೋಗಿ. ‘ವಾಪಸ್ ಬನ್ನಿ’ ಎಂದು ಕರೆಯಬೇಡಿ, ಕರೆದರೆ ಮಾತು ಚೌಕಾಸಿಯಾಗುತ್ತದೆ. ‘ಬಿಡೋ ತೀರ್ಮಾನ ಯಾವತ್ತು ಮಾಡಿದ್ರಿ? ಆವತ್ತು ಏನಾಗಿತ್ತು?’ ಎಂದಷ್ಟೇ ಕೇಳಿ. ಅವರು ಹೇಳುವ ದಿನವನ್ನು ನೋಟ್‌ಬುಕ್ಕಿನಲ್ಲೋ ನಡಾವಳಿ ಪುಸ್ತಕದಲ್ಲೋ ಹುಡುಕಿ, ಆವತ್ತಿನ ಬಗ್ಗೆ ನೀವು ಏನು ಬರೆದಿದ್ದೀರಿ ಎಂದು ನೋಡಿ. ಏನೂ ಬರೆದಿರದಿದ್ದರೆ, ಅದನ್ನೇ ಇವತ್ತಿನ ಪುಟದಲ್ಲಿ ಬರೆಯಿರಿ.